ಹೊಗೆ ಬಂದರೆ ಎಂಜಿನ್ ಹೋಯಿತೇ? ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವ ಮುನ್ನ ತಿಳಿಯಬೇಕಾದ ರೋಗ, ರಿಪೇರಿ ಮತ್ತು ಖರ್ಚು

“ಸಿಂಗಲ್ ಓನರ್, 78 ಸಾವಿರ ಕಿ.ಮೀ., ಎಂಜಿನ್ ಸೂಪರ್ ಕಂಡೀಷನ್, ಒಂದು ರೂಪಾಯಿ ಕೆಲಸ ಇಲ್ಲ.” ಹಳೆ ಗಾಡಿ ಮಾರಾಟದ ಯಾವ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೂ ಇಂಥ ಸಂದೇಶ ಸಿಗುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತದೆ: “ಸೈಲೆನ್ಸರ್‌ನಲ್ಲಿ ಹೊಗೆ ಕಂಡರೆ ಆ ಗಾಡಿ ಮುಟ್ಟಲೇಬೇಡಿ, ಎಂಜಿನ್ ಕೆಲಸಕ್ಕೆ ಬಂದಿದೆ ಎಂದೇ ಅರ್ಥ.”

ಮೊದಲನೆಯದನ್ನು ನಂಬಿದವರು ಲಕ್ಷ ರೂಪಾಯಿಯ ರಿಪೇರಿಯನ್ನು ಮನೆಗೆ ತರಬಹುದು. ಎರಡನೆಯದನ್ನು ನಂಬಿದವರು ಎರಡು ಸಾವಿರದಲ್ಲಿ ಸರಿಹೋಗುವ ಒಳ್ಳೆಯ ಗಾಡಿಯನ್ನು ಬಿಟ್ಟುಬಿಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಬೇಡದ ಎಂಜಿನ್ ಕೆಲಸ ಮಾಡಿಸಿ ಕೈ ಸುಟ್ಟುಕೊಳ್ಳಬಹುದು. ಎರಡೂ ಸಂದೇಶಗಳ ತಪ್ಪು ಒಂದೇ. ಕಾರಣ ತಿಳಿಯುವ ಮೊದಲೇ ಅವು ತೀರ್ಪು ಕೊಡುತ್ತವೆ.

ಕಾರವಾರ, ಅಂಕೋಲಾದ ಓದುಗರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ವರ್ಷಕ್ಕೆ 3000 ಮಿ.ಮೀ. ಆಸುಪಾಸಿನ ಮಳೆ. ಹೀಗಾಗಿ ಎತ್ತರದ, ಗಟ್ಟಿಮುಟ್ಟಾದ ಗಾಡಿ ಬೇಕೆನಿಸುವುದು ಸಹಜ. ಕೈಗಾ ಮತ್ತು ಸೀಬರ್ಡ್ ನೌಕಾನೆಲೆಗೆ ಹೊರ ರಾಜ್ಯಗಳಿಂದ ವರ್ಗವಾಗಿ ಬರುವ, ಹೋಗುವ ಉದ್ಯೋಗಿಗಳಿದ್ದಾರೆ. ಮಾಜಾಳಿ ದಾಟಿದರೆ ಗೋವಾ. ಕೆಎ-30 ನಂಬರಿನ ಗಾಡಿಗಳ ಜೊತೆ ಬೇರೆ ರಾಜ್ಯದ ನಂಬರಿನವೂ ಇಲ್ಲಿ ಕಣ್ಣಿಗೆ ಬೀಳುತ್ತವೆ. ಪ್ರವಾಸಿಗರನ್ನು ನಂಬಿ ಟ್ಯಾಕ್ಸಿ ಓಡಿಸುವವರಿಗಂತೂ ಹಳೆಯ ಎಸ್‌ಯುವಿ ಎಂದರೆ ಹೊಟ್ಟೆಪಾಡು. ಸಾಲ ಮಾಡಿ ನಾಲ್ಕೂವರೆ ಲಕ್ಷಕ್ಕೆ ತಂದ ಗಾಡಿಗೆ ಮೂರೇ ತಿಂಗಳಲ್ಲಿ ಒಂದೂವರೆ ಲಕ್ಷದ ಎಂಜಿನ್ ಕೆಲಸ ಬಂದರೆ, ಬೆಲೆಯ ಮೂರನೇ ಒಂದು ಪಾಲು ಮತ್ತೆ ಸುರಿದಂತೆ. ಆ ದಿನಗಳಲ್ಲಿ ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಎಂಜಿನ್‌ನಲ್ಲಿ ಏನು ಕೆಡುತ್ತದೆ, ಏಕೆ ಕೆಡುತ್ತದೆ, ಎಷ್ಟು ಖರ್ಚಾಗುತ್ತದೆ? ಒಂದೊಂದಾಗಿ ನೋಡೋಣ. ಹಳೆಯ ಎಸ್‌ಯುವಿಗಳಲ್ಲಿ ಡೀಸೆಲ್‌ನವೇ ಹೆಚ್ಚಾಗಿರುವುದರಿಂದ ಇಲ್ಲಿನ ಮಾತು ಮುಖ್ಯವಾಗಿ ಡೀಸೆಲ್ ಎಂಜಿನ್ ಕುರಿತದ್ದು.

ಹೊಗೆಯ ಬಣ್ಣ ಏನು ಹೇಳುತ್ತದೆ?

ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿದಿಲ್ಲ ಎಂದರ್ಥ. ಒಂದೋ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು ಬೀಳುತ್ತಿದೆ. ಗಾಳಿ ಸಾಲದಿರುವುದಕ್ಕೆ ಕಾರಣ ಕೆಲವು ನೂರು ರೂಪಾಯಿಯ ಏರ್ ಫಿಲ್ಟರ್ ಇರಬಹುದು, ಬಿರುಕು ಬಿಟ್ಟ ಟರ್ಬೊ ಹೋಸ್ ಇರಬಹುದು, ಮಸಿ ಕಟ್ಟಿದ ಇಜಿಆರ್ ವಾಲ್ವ್ ಇರಬಹುದು. ಇಂಜೆಕ್ಟರ್ ಅಥವಾ ಟರ್ಬೊ ಕೆಟ್ಟಿದ್ದರೆ ಮಾತ್ರ ಖರ್ಚು ದೊಡ್ಡದು.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್, ವಾಲ್ವ್ ಸೀಲ್, ಪಿಸ್ಟನ್ ರಿಂಗ್ ಈ ಮೂರರಲ್ಲಿ ಎಲ್ಲಿಂದ ಬೇಕಾದರೂ ಆಯಿಲ್ ನುಸುಳಬಹುದು. ಮೂರರ ಖರ್ಚೂ ಬೇರೆ ಬೇರೆ. ರಿಂಗ್ ಸವೆದಿದ್ದರೆ ಎಂಜಿನ್ ಬಿಚ್ಚಲೇಬೇಕು.

ಬಿಳಿ ಹೊಗೆಯಲ್ಲಿ ಗೊಂದಲ ಹೆಚ್ಚು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಂಡು ಕೆಲವೇ ನಿಮಿಷಗಳಲ್ಲಿ ಮಾಯವಾದರೆ ಅದು ಬಹುಪಾಲು ನೀರಾವಿ. ಸ್ಟಾರ್ಟ್ ಆಗಲು ತಕರಾರು ಮಾಡಿ, ಡೀಸೆಲ್ ವಾಸನೆಯ ಬಿಳಿ ಹೊಗೆ ಬಿಟ್ಟರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದು, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಎಚ್ಚರ ವಹಿಸಬೇಕಾದ್ದು ಇಲ್ಲಿ.

ಇಂಥದೇ ಇನ್ನೊಂದು ಗೊಂದಲ ಆಯಿಲ್ ಮುಚ್ಚಳದ್ದು. “ಮುಚ್ಚಳದಡಿ ಕೆನೆಯಂಥ ಪದರ ಕಂಡರೆ ಹೆಡ್ ಹೋಗಿದೆ” ಎನ್ನುತ್ತಾರೆ. ಕರಾವಳಿಯ ತೇವದ ಹವೆಯಲ್ಲಿ, ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಒಳಗಿನ ನೀರಾವಿ ತಣಿದು ತೆಳುವಾದ ಕೆನೆ ಕಟ್ಟುವುದುಂಟು. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿನ ಆಯಿಲ್ ಕೂಡ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ನೀರು ಬೆರೆತಿದೆ ಎಂದೇ ಲೆಕ್ಕ.

ಘಟ್ಟ ಹತ್ತುವಾಗ ಬಿಸಿ ಏರಿದರೆ

ಊರೊಳಗೆ ಸುತ್ತುವಾಗ ಚೆನ್ನಾಗಿಯೇ ಇರುವ ಗಾಡಿ, ಅಂಕೋಲಾದಿಂದ ಯಲ್ಲಾಪುರದ ಕಡೆ ಅರಬೈಲ್ ಘಟ್ಟ ಹತ್ತುವಾಗ ಬಿಸಿಯಾಗಬಹುದು. ತುಂಬಿದ ಗಾಡಿ, ಏರು ರಸ್ತೆ, ಕಡಿಮೆ ಗೇರ್. ಎಂಜಿನ್ ಹೆಚ್ಚು ದುಡಿಯುತ್ತದೆ, ರೇಡಿಯೇಟರ್‌ಗೆ ಎದುರಿನಿಂದ ಬಡಿಯುವ ಗಾಳಿ ಮಾತ್ರ ಕಡಿಮೆ. ತಂಪು ಮಾಡುವ ವ್ಯವಸ್ಥೆಯ ನಿಜವಾದ ಪರೀಕ್ಷೆ ಇದೇ.

ಕಾರಣ ರೇಡಿಯೇಟರ್ ಕಟ್ಟಿರುವುದು, ಫ್ಯಾನ್ ಸರಿಯಾಗಿ ತಿರುಗದಿರುವುದು, ವಾಟರ್ ಪಂಪ್ ಸೋರುವುದು, ಥರ್ಮೋಸ್ಟಾಟ್ ಅಂಟಿಕೊಂಡಿರುವುದು ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಯಾವುದೂ ದೊಡ್ಡ ಕೆಲಸವಲ್ಲ. ಆದರೆ ಮುಳ್ಳು ಕೆಂಪಿಗೆ ಹೋದ ಮೇಲೂ “ಇನ್ನೇನು ಘಟ್ಟ ಮುಗಿಯಿತು” ಎಂದು ಓಡಿಸಿದರೆ ಸಿಲಿಂಡರ್ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಒಡೆಯುತ್ತದೆ. ಮೂರು ಸಾವಿರದ ರಿಪೇರಿ ಐವತ್ತು ಸಾವಿರ ದಾಟುವುದು ಹೀಗೆ.

ಇಲ್ಲಿ ಎರಡು ನಂಬಿಕೆಗಳನ್ನು ಬಿಡಬೇಕು. “ಕೂಲಂಟ್ ಯಾಕೆ, ನೀರು ಸಾಕು” ಎನ್ನುವುದು ಮೊದಲನೆಯದು. ಕೂಲಂಟ್ ನೀರು ಹೆಪ್ಪುಗಟ್ಟದಂತೆ ತಡೆಯುವುದಷ್ಟೇ ಅಲ್ಲ, ಕುದಿಯುವ ಉಷ್ಣತೆಯನ್ನು ಏರಿಸುತ್ತದೆ, ಒಳಗಿನ ಲೋಹ ತುಕ್ಕು ಹಿಡಿಯದಂತೆ ಕಾಯುತ್ತದೆ. ಬರೀ ಬಾವಿ ನೀರು ಕುಡಿದ ಎಂಜಿನ್‌ನ ಒಳದಾರಿಗಳು ತುಕ್ಕು, ಸುಣ್ಣದಿಂದ ಕಟ್ಟಿಕೊಳ್ಳುತ್ತವೆ. “ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಎಂಜಿನ್ ಸದಾ ತಂಪು” ಎನ್ನುವುದು ಎರಡನೆಯದು. ಎಂಜಿನ್ ತಣ್ಣಗಿರುವುದು ಒಳ್ಳೆಯದಲ್ಲ, ಸರಿಯಾದ ಬಿಸಿಯಲ್ಲಿರುವುದು ಒಳ್ಳೆಯದು. ತಣ್ಣಗಿನ ಎಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಮಸಿ ಕಟ್ಟುತ್ತದೆ, ಬೇಗ ಸವೆಯುತ್ತದೆ. ಮಾರುವ ಗಾಡಿಯಲ್ಲಿ ಥರ್ಮೋಸ್ಟಾಟ್ ಇಲ್ಲವೆಂದರೆ, ಯಾವುದೋ ಬಿಸಿಯ ಸಮಸ್ಯೆಯನ್ನು ಮುಚ್ಚಿಟ್ಟಿರುವ ಸಾಧ್ಯತೆ ಇದೆ.

ನೆನಪಿರಲಿ: ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ.

ಟರ್ಬೊ, ಇಂಜೆಕ್ಟರ್, ಬೆಲ್ಟ್

ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದನ್ನು ಕಾಪಾಡುವುದು ತೆಳುವಾದ ಆಯಿಲ್ ಪದರ ಮಾತ್ರ. ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಹೋದರೆ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಇದೊಂದು. “ಹಳೆ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ, ಹೊಗೆ ನಿಲ್ಲುತ್ತದೆ” ಎಂಬ ಸಲಹೆ ಅಪಾಯಕಾರಿ. ಹೊಗೆ ಕೆಲವು ದಿನ ಕಡಿಮೆಯಾಗಬಹುದು. ಆದರೆ ದಪ್ಪ ಆಯಿಲ್ ಸ್ಟಾರ್ಟ್ ಮಾಡಿದ ಕೂಡಲೇ ಟರ್ಬೊವರೆಗೆ ಬೇಗ ತಲುಪುವುದಿಲ್ಲ. ಗಾಡಿ ಮಾರುವವರೆಗೆ ಹೊಗೆ ಅಡಗಿಸಲು ಈ ಉಪಾಯ ಸಾಕಾಗುತ್ತದೆ, ಕೊಂಡವರಿಗೆ ಸಾಕಾಗುವುದಿಲ್ಲ.

ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಕೂದಲೆಳೆಯಷ್ಟು ಸಣ್ಣ ರಂಧ್ರಗಳಿಂದ ಡೀಸೆಲ್ ಸಿಂಪಡಿಸುತ್ತದೆ. ಒಳಗಿನ ಒತ್ತಡ 1600 ಬಾರ್ ಮತ್ತು ಅದಕ್ಕೂ ಮೇಲೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರದ ಆರುನೂರು ಪಟ್ಟು. ಡೀಸೆಲ್‌ನಲ್ಲಿ ನೀರು ಅಥವಾ ಕಸ ಸೇರಿದರೆ ಇಂಜೆಕ್ಟರ್ ಮತ್ತು ಪಂಪ್ ಎರಡೂ ಹಾಳು. ಮಳೆ ಹೆಚ್ಚಿರುವ ಊರಿನಲ್ಲಿ ಡೀಸೆಲ್ ಫಿಲ್ಟರ್‌ನ ನೀರನ್ನು ಕಾಲಕಾಲಕ್ಕೆ ಬಸಿಯುವುದು, ಫಿಲ್ಟರ್ ಬದಲಿಸುವುದು ಅಗ್ಗದ ವಿಮೆಯಿದ್ದಂತೆ.

ಟೈಮಿಂಗ್ ಬೆಲ್ಟ್ ವಿಷಯವನ್ನು ಕೇಳುವವರೇ ಕಡಿಮೆ. ರೆನೊ ಡಸ್ಟರ್‌ನ 1.5 ಲೀಟರ್ ಡೀಸೆಲ್, ಫೋರ್ಡ್ ಇಕೋಸ್ಪೋರ್ಟ್‌ನ 1.5 ಲೀಟರ್ ಡೀಸೆಲ್, ಮೊದಲ ತಲೆಮಾರಿನ ಟೊಯೋಟ ಫಾರ್ಚುನರ್‌ನ 3.0 ಲೀಟರ್ ಡೀಸೆಲ್ ಇವುಗಳಲ್ಲಿ ರಬ್ಬರ್ ಬೆಲ್ಟ್ ಇದೆ. ಮಹೀಂದ್ರಾ ಸ್ಕಾರ್ಪಿಯೊದ 2.2 ಲೀಟರ್ ಎಂಹಾಕ್‌ನಲ್ಲಿ ಚೈನ್ ಇದೆ. ಬೆಲ್ಟ್‌ಗೆ ಕಂಪನಿ ಹೇಳಿದ ಕಿಲೋಮೀಟರ್ ಮತ್ತು ವರ್ಷಗಳ ಮಿತಿಯಿದೆ. ಅದು ಕೆಡುವ ಮುನ್ನ ಹೊಗೆ, ಸದ್ದು ಏನನ್ನೂ ತೋರಿಸದೆ ಇರಬಹುದು. ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಬಿಡಿಭಾಗ ಸಿಗುವುದೂ ಲೆಕ್ಕಕ್ಕೆ ಬರಬೇಕು. ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಡಸ್ಟರ್‌ನ ಡೀಸೆಲ್ ಮಾದರಿ 2020ರಲ್ಲಿ ಬಿಎಸ್6 ನಿಯಮ ಬಂದಾಗ ನಿಂತಿತು. ಇವು ಕೆಟ್ಟ ಗಾಡಿಗಳೆಂದಲ್ಲ. ಆದರೆ ಒಂದು ಭಾಗ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಬರಬೇಕಾದರೆ ಎಷ್ಟು ದಿನ ಗಾಡಿ ಗ್ಯಾರೇಜಿನಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ವಿಚಾರಿಸಿ.

ಕಡಿಮೆ ಓಡಿದ ಗಾಡಿಯೇ ಒಳ್ಳೆಯದೇ?

ಯಾವಾಗಲೂ ಅಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸುವ ಮೋಸ ಒಂದು ಕಡೆ ಇರಲಿ. ಮೀಟರ್ ನಿಜವೇ ಆಗಿದ್ದರೂ, ಕೋಡಿಬಾಗದಿಂದ ಬೈತಖೋಲ್‌ವರೆಗಿನಂಥ ಸಣ್ಣ ಓಡಾಟವನ್ನೇ ವರ್ಷಗಟ್ಟಲೆ ಮಾಡಿದ ಡೀಸೆಲ್ ಗಾಡಿಗೆ ಅದರದೇ ಕಾಯಿಲೆಗಳಿವೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಬಂದ್ ಆಗುತ್ತದೆ, ಮಸಿ ಕಟ್ಟುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಇದು ಇನ್ನೂ ಮುಖ್ಯ. ಅವುಗಳ ಸೈಲೆನ್ಸರ್ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಅದು ಬಿಸಿಯಾಗಿ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಕಾರವಾರದಿಂದ ಅಂಕೋಲಾವರೆಗೆ ಆಗಾಗ ಹೋಗಿಬರುವವರಿಗೆ ತೊಂದರೆ ಕಡಿಮೆ. ಊರೊಳಗೇ ಸುತ್ತುವವರಿಗೆ ಫಿಲ್ಟರ್ ಕಟ್ಟಿ, ದೀಪ ಹೊತ್ತಿ, ಪಿಕಪ್ ಬಿದ್ದುಹೋಗುತ್ತದೆ. ಆಗ ಅದು “ಎಂಜಿನ್ ವೀಕ್” ಅಲ್ಲ, ಬಳಕೆಯ ರೀತಿ ಹೊಂದದಿರುವುದು.

ಕರಾವಳಿಯ ಉಪ್ಪು, ನದಿಯ ನೆರೆ

ಸಮುದ್ರದ ಗಾಳಿಯ ಉಪ್ಪು, ರಸ್ತೆಯಲ್ಲಿ ಮೀನು ಲಾರಿಗಳಿಂದ ತೊಟ್ಟಿಕ್ಕುವ ಉಪ್ಪುನೀರು ಎರಡೂ ಲೋಹವನ್ನು ತಿನ್ನುತ್ತವೆ. ರೇಡಿಯೇಟರ್‌ನ ತೆಳು ರೆಕ್ಕೆಗಳು ಪುಡಿಯಾಗುತ್ತವೆ. ವೈರಿನ ಜೋಡಣೆಗಳಲ್ಲಿ ಹಸಿರು ಪುಡಿ ಕಟ್ಟುತ್ತದೆ. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥಿಂಗ್ ವೈರು ಹೀಗೆ ತುಕ್ಕು ಹಿಡಿದರೆ ಸೆನ್ಸರ್‌ಗಳು ತಪ್ಪು ಮಾಹಿತಿ ಕೊಡಬಹುದು, ಎಂಜಿನ್ ದೀಪ ಹೊತ್ತಬಹುದು, ಸ್ಟಾರ್ಟಿಂಗ್ ತೊಂದರೆ ಕೊಡಬಹುದು. ಕೆಲವೇ ನೂರು ರೂಪಾಯಿಯ ಈ ಕೆಲಸವನ್ನು ಗುರುತಿಸದೆ, ಊಹೆಯ ಮೇಲೆ ಸೆನ್ಸರ್, ಪಂಪ್ ಎಂದು ಒಂದೊಂದೇ ಬದಲಿಸುತ್ತ ಹೋದರೆ ಹಣ ಸೋರುತ್ತದೆ.

ನೆರೆಯ ವಿಷಯ ಇದಕ್ಕಿಂತ ಗಂಭೀರ. 2019ರ ಆಗಸ್ಟ್‌ನಲ್ಲಿ ಕಾಳಿ ಮತ್ತು ಗಂಗಾವಳಿ ನದಿಗಳು, 2021ರ ಜುಲೈನಲ್ಲಿ ಮತ್ತೆ ಗಂಗಾವಳಿ ಉಕ್ಕಿದ್ದನ್ನು ಇಲ್ಲಿನವರು ಮರೆತಿಲ್ಲ. 2018ರ ಕೇರಳದ ನೆರೆ, 2022ರ ಬೆಂಗಳೂರಿನ ನೆರೆಯಲ್ಲೂ ಗಾಡಿಗಳು ಮುಳುಗಿದ್ದವು. ಅಂಥ ಗಾಡಿಗಳು ರಿಪೇರಿಯಾಗಿ, ಊರು ಬದಲಿಸಿ ಮತ್ತೆ ಮಾರುಕಟ್ಟೆಗೆ ಬರಬಹುದು.

“ನೀರಲ್ಲಿ ನಿಂತ ಗಾಡಿ ಒಣಗಿಸಿ ಸ್ಟಾರ್ಟ್ ಮಾಡಿ ನೋಡಿ” ಎಂಬ ಸಲಹೆಯೇ ಎಂಜಿನ್ ಕೊಲ್ಲುವ ಸಲಹೆ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರು ಪಟ್ಟಿನ ಆಸುಪಾಸು ಹಿಂಡುತ್ತದೆ. ನೀರನ್ನು ಹಾಗೆ ಹಿಂಡಲಾಗದು. ಸಿಲಿಂಡರ್‌ನಲ್ಲಿ ನೀರಿದ್ದಾಗ ಕೀ ತಿರುಗಿಸಿದರೆ ಪಿಸ್ಟನ್ ಮೇಲೇಳಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ವಿಮೆಯಲ್ಲಿ ಹೀಗೆ ಸ್ಟಾರ್ಟ್ ಮಾಡಿದ್ದರಿಂದಾದ ಎಂಜಿನ್ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ಸೇರ್ಪಡೆ ಬೇಕು. ಗಾಡಿ ಮುಳುಗಿದ್ದರೆ ಕೀ ಮುಟ್ಟದೆ ಎಳೆಸಿಕೊಂಡು ಹೋಗುವುದೇ ಸರಿ.

ಮುಳುಗಿದ್ದ ಗಾಡಿಯನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳತುದಿಯಲ್ಲಿ ಮಣ್ಣಿನ ಗೆರೆ ಇದೆಯೇ? ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಸ್ಟೆಪ್ನಿಯ ಗುಂಡಿಯಲ್ಲಿ ನಯವಾದ ಕೆಸರು, ಹೆಡ್‌ಲೈಟ್ ಒಳಗೆ ನೀರಿನ ಗುರುತು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ ಇವೆಯೇ? ತೊಳೆದು ಪಾಲಿಶ್ ಮಾಡಿದವರೂ ಈ ಜಾಗಗಳನ್ನು ಮರೆಯುವುದುಂಟು.

ಖರ್ಚು ಎಷ್ಟಾಗಬಹುದು?

ಕೆಳಗಿನವು ಹೊರಗಿನ ಗ್ಯಾರೇಜುಗಳ ಸ್ಥೂಲ ಅಂದಾಜು. ಮಾದರಿ, ಬಿಡಿಭಾಗದ ಗುಣಮಟ್ಟ, ಊರು ಇವುಗಳ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಬಿಲ್ ಎಂದು ಓದದೆ, ಯಾವುದು ಸಣ್ಣದು ಯಾವುದು ದೊಡ್ಡದು ಎಂದು ತಿಳಿಯಲು ಬಳಸಿ.

• ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಅರ್ಥಿಂಗ್ ವೈರು: ಕೆಲವು ನೂರರಿಂದ 2–3 ಸಾವಿರ ರೂ.
• ಥರ್ಮೋಸ್ಟಾಟ್: 1–4 ಸಾವಿರ ರೂ.
• ಇಜಿಆರ್ ಶುಚಿ ಮಾಡಿಸುವುದು: 2–5 ಸಾವಿರ ರೂ.; ಹೊಸದು ಹಾಕಿದರೆ ಹತ್ತು ಸಾವಿರಕ್ಕೂ ಮೇಲೆ
• ರೇಡಿಯೇಟರ್: 6–15 ಸಾವಿರ ರೂ.
• ಟೈಮಿಂಗ್ ಬೆಲ್ಟ್ ಸೆಟ್, ಕೂಲಿ ಸೇರಿ: 8–20 ಸಾವಿರ ರೂ.
• ಹೊಸ ಇಂಜೆಕ್ಟರ್: ಒಂದಕ್ಕೆ 12–30 ಸಾವಿರ ರೂ., ನಾಲ್ಕು ಸಿಲಿಂಡರ್ ಇದ್ದರೆ ನಾಲ್ಕು ಇಂಜೆಕ್ಟರ್
• ಹೆಡ್ ಗ್ಯಾಸ್ಕೆಟ್ ಕೆಲಸ: 20–50 ಸಾವಿರ ರೂ., ಹೆಡ್ ಹಾಳಾಗಿದ್ದರೆ ಇನ್ನೂ ಹೆಚ್ಚು
• ಟರ್ಬೊ: ರಿಪೇರಿಗೆ 15–30 ಸಾವಿರ ರೂ., ಹೊಸದಕ್ಕೆ 30–80 ಸಾವಿರ ರೂ.
• ಪೂರ್ತಿ ಎಂಜಿನ್ ಕೆಲಸ: 1ರಿಂದ 2.5 ಲಕ್ಷ ರೂ.

ಪಟ್ಟಿಯ ಮೇಲಿನ ಸಾಲುಗಳನ್ನು ನಿರ್ಲಕ್ಷಿಸಿದಾಗ ಕೆಳಗಿನ ಸಾಲುಗಳು ಬರುತ್ತವೆ. ಥರ್ಮೋಸ್ಟಾಟ್‌ಗೆ ಉಳಿಸಿದ ಹಣ ಗ್ಯಾಸ್ಕೆಟ್‌ಗೆ ಹೋಗುತ್ತದೆ. ಆಯಿಲ್‌ಗೆ ಉಳಿಸಿದ್ದು ಟರ್ಬೊಗೆ, ಫಿಲ್ಟರ್‌ಗೆ ಉಳಿಸಿದ್ದು ಇಂಜೆಕ್ಟರ್‌ಗೆ.

ಮುಂಗಡ ಕೊಡುವ ಮುನ್ನ

1. ಎಂಜಿನ್ ತಣ್ಣಗಿರುವಾಗಲೇ ನೋಡಿ. ನೀವು ಹೋಗುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ, ಇನ್ನೊಂದು ದಿನ ಬೆಳಿಗ್ಗೆ ಬರುವುದಾಗಿ ಹೇಳಿ. ಸ್ಟಾರ್ಟಿಂಗ್ ತೊಂದರೆ, ಮೊದಲ ಹೊಗೆ ಕಾಣುವುದು ಆಗಲೇ.

2. ಎಂಜಿನ್ ಐಡಲ್‌ನಲ್ಲಿರುವಾಗ ಮೆಕ್ಯಾನಿಕ್ ಕೈಯಿಂದ ಆಯಿಲ್ ಮುಚ್ಚಳ ಬಿಚ್ಚಿಸಿ, ಅದನ್ನು ಬಾಯಿಯ ಮೇಲೆ ಸುಮ್ಮನೆ ಇಡಿಸಿ. ಸ್ವಲ್ಪ ಆವಿ ಸಹಜ. ಬುಸುಬುಸು ಹೊಗೆಯೊಂದಿಗೆ ಮುಚ್ಚಳ ಎಗರಿದರೆ ರಿಂಗ್ ಸವೆದಿರುವ ಶಂಕೆ. ಆಗ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ.

3. ಸ್ಕ್ಯಾನರ್ ಹಾಕಿಸಿ. ದೀಪ ಹೊತ್ತಿಲ್ಲದಿದ್ದರೂ ಒಳಗೆ ದೋಷದ ದಾಖಲೆ ಇರಬಹುದು. ಎಲ್ಲ ದಾಖಲೆಯನ್ನೂ ಆಗತಾನೇ ಅಳಿಸಿದ್ದರೆ, ಅದೂ ಒಂದು ಸುಳಿವು.

4. ಗಾಡಿಯನ್ನು ಘಟ್ಟದಲ್ಲೋ ಉದ್ದದ ಏರಿನಲ್ಲೋ ಓಡಿಸಿ, ಬಿಸಿಯ ಮುಳ್ಳು ನೋಡಿ.

5. ವಿಮೆ ಪತ್ರ ಕೇಳಿ. ಕ್ಲೇಮ್ ಮಾಡದ ವರ್ಷಗಳಿಗೆ ಎನ್‌ಸಿಬಿ ರಿಯಾಯಿತಿ 20ರಿಂದ 50 ಶೇಕಡಾವರೆಗೆ ಏರುತ್ತದೆ. ಹಳೆ ಗಾಡಿಯ ಎನ್‌ಸಿಬಿ ಸೊನ್ನೆಯಾಗಿದ್ದರೆ ಕ್ಲೇಮ್ ಆಗಿತ್ತೇ, ವಿಮೆ ತಪ್ಪಿತ್ತೇ, ಮಾಲೀಕರು ಬದಲಾಗಿದ್ದರೇ ಎಂದು ಕೇಳಿ. ಸರ್ವಿಸ್ ಬಿಲ್‌ಗಳ ಕಿಲೋಮೀಟರ್ ಮತ್ತು ಮೀಟರ್ ತಾಳೆ ನೋಡಿ.

6. ಹೊರ ರಾಜ್ಯದ ಗಾಡಿಯಾದರೆ ಎನ್‌ಒಸಿ, ಕರ್ನಾಟಕದ ತೆರಿಗೆ, ಮರುನೋಂದಣಿ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ದೆಹಲಿ ಭಾಗದ ಡೀಸೆಲ್ ಗಾಡಿ ಅಗ್ಗವಾಗಲು ಒಂದು ಕಾರಣ, ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಅಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಗ್ಗ ಎಂದ ಮಾತ್ರಕ್ಕೆ ಎಂಜಿನ್ ಕೆಟ್ಟಿದೆ ಎಂದಲ್ಲ, ಚೆನ್ನಾಗಿದೆ ಎಂದೂ ಅಲ್ಲ.

7. ಆರ್‌ಸಿ ನಿಮ್ಮ ಹೆಸರಿಗಾದ 14 ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ.

ಮಾರುವವರಿಗೆ ಸಂಬಂಧವಿಲ್ಲದ, ನಿಮಗೆ ಗೊತ್ತಿರುವ ಮೆಕ್ಯಾನಿಕ್ ಅರ್ಧ ದಿನ ಕೂತು ಇಷ್ಟನ್ನು ನೋಡಲು ಎರಡು ಮೂರು ಸಾವಿರ ಕೇಳಿದರೂ ಕೊಡಿ. ಗಾಡಿ ಬೇಡವೆಂದು ತೀರ್ಮಾನವಾದರೂ ಆ ಹಣ ವ್ಯರ್ಥವಲ್ಲ. ದೋಷ ಸಿಕ್ಕರೆ ಚೌಕಾಸಿಗೆ ಆಧಾರ ಸಿಗುತ್ತದೆ.

ಒಟ್ಟಿನಲ್ಲಿ, “ಹೊಗೆ ಬಂದರೆ ಎಂಜಿನ್ ಹೋಯಿತು” ಎಂಬುದು ಅರ್ಧ ಸತ್ಯ. “ಕಡಿಮೆ ಕಿಲೋಮೀಟರ್, ಆದ್ದರಿಂದ ಎಂಜಿನ್ ಗಟ್ಟಿ” ಎಂಬುದೂ ಹಾಗೆಯೇ. “ದಪ್ಪ ಆಯಿಲ್ ಹಾಕಿ” ಮತ್ತು “ಥರ್ಮೋಸ್ಟಾಟ್ ತೆಗೆಯಿರಿ” ಎಂಬ ಸಲಹೆಗಳು ತಪ್ಪು. ಗಾಡಿ ಹುಡುಕುತ್ತಿರುವವರು ನಿಮ್ಮ ಗುಂಪಿನಲ್ಲಿದ್ದರೆ, ಅವರು ಮುಂಗಡ ಕೊಡುವ ಮೊದಲೇ ಮೇಲಿನ ಏಳು ಅಂಶಗಳನ್ನು ಅವರಿಗೆ ಕಳುಹಿಸಿ.